ಗಾಜಿನ ತೊಟ್ಟಿಯಲ್ಲಿ ಕಡಲ ಹುಲ್ಲು

ಹೋದ ಮಾಗಿಯಲ್ಲಿ ನಾವು ಗಂಡಹೆಂಡಿರು ರಾಮೇಶ್ವರಕ್ಕೆ ಹೊರಟಾಗ ನೆರೆಹೊರೆಯವರು ಎಂದಿನಂತೆ ತೀರ್ಥ, ಶಂಖ, ಕವಡೆ ಎಂದೆಲ್ಲ ಹೇಳಿ ಕಳಿಸಿದರು. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮೊಮ್ಮಗ ಮಾತ್ರ ಬೇರೆಯೇ ಬೇಡಿಕೆ ಇಟ್ಟ. "ಅಜ್ಜಾ, ಅಲ್ಲಿಯ ಸಮುದ್ರದೊಳಗೆ ಹುಲ್ಲು ಬೆಳೆಯುತ್ತದಂತೆ. ಬೇರು ಸಮೇತ ಒಂದು ಹಿಡಿ ಕಿತ್ತು ಬಾಟಲಿಯಲ್ಲಿ ಹಾಕಿಕೊಂಡು ಬನ್ನಿ. ನನ್ನ ಉಪ್ಪುನೀರಿನ ತೊಟ್ಟಿಯಲ್ಲಿ ನೆಡುತ್ತೇನೆ" ಎಂದ. ಹದಿನಾಲ್ಕು ವರ್ಷದ ಹುಡುಗ. ಗಾಜಿನ ತೊಟ್ಟಿಯ ಹುಚ್ಚು ಹಿಡಿದು ಎರಡು ವರ್ಷವಾಯಿತು. ನಾನು ಬರಿಗೈಯಲ್ಲಿ ಹಿಂದಿರುಗಿದ್ದಕ್ಕೆ ಒಂದು ವಾರ ಮಾತು ಬಿಟ್ಟಿದ್ದ. ಏಕೆ ತರಲಿಲ್ಲವೆಂದು ಅವನಿಗೆ ಬಿಡಿಸಿ ಹೇಳಲು ಹೊರಟಾಗ ಅದೊಂದು ನೂರೆಪ್ಪತ್ತು ವರ್ಷಗಳ ಉದ್ದದ ಕತೆಯಾಯಿತು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಗ್ನಿತೀರ್ಥದಲ್ಲಿ ಮಿಂದ ಮರುದಿನ ದ್ವೀಪದ ಉತ್ತರ ದಡದಲ್ಲಿ ನಡೆದಾಡಲು ಹೋಗಿದ್ದೆವು. ಅಲೆ ತಂದು ಹಾಕಿದ ಎಲೆಗಳು ಮರಳಿನ ಮೇಲೆ ಒಣಹುಲ್ಲಿನಂತೆ ರಾಶಿ ಬಿದ್ದಿದ್ದವು. ಕೆಲವು ಪಟ್ಟಿಯಂತೆ ಚಪ್ಪಟೆ, ಕೆಲವು ಹುರಿಯಂತೆ ದುಂಡಗೆ. ನನ್ನಾಕೆ "ಪಾಚಿ" ಎಂದಳು. ಪಾಚಿಯಲ್ಲ. ಪಾಚಿಗೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಕಡಲ ಹುಲ್ಲಿಗೆ ಇವೆಲ್ಲ ಉಂಟು. ನೆಲದ ಮೇಲೆ ಬಾಳಿದ ಗಿಡಗಳ ವಂಶವೊಂದು ಕೋಟ್ಯಂತರ ವರ್ಷಗಳ ಹಿಂದೆ ಮರಳಿ ನೀರಿಗೆ ಇಳಿದು, ಉಪ್ಪಿಗೆ ಒಗ್ಗಿಕೊಂಡು, ನೀರಿನೊಳಗೇ ಹೂ ಬಿಡುವುದನ್ನು ಕಲಿಯಿತು. ಜಗತ್ತಿನಲ್ಲಿ ಇಂಥವು ಸುಮಾರು 70 ಜಾತಿಗಳಷ್ಟೆ. ಗಣಪತಿಗೆ ಏರಿಸುವ ಗರಿಕೆಯಂತೆಯೇ ಇವೂ ನೆಲದಡಿಯ ಕಾಂಡವನ್ನು ಹರಿಯಬಿಟ್ಟು, ಗೆಣ್ಣು ಗೆಣ್ಣಿಗೆ ಬೇರೂರಿ ಹಬ್ಬುತ್ತವೆ. ನಮ್ಮ ದೇಶದಲ್ಲಿ ಇವುಗಳ ದೊಡ್ಡ ಹುಲ್ಲುಗಾವಲು ಇರುವುದು ಪಾಕ್ ಕೊಲ್ಲಿ ಮತ್ತು ಮನ್ನಾರ್ ಕೊಲ್ಲಿಗಳಲ್ಲಿ. ಅದನ್ನು ಮೇಯುವ ಒಂದು ಸಾಧು ಪ್ರಾಣಿಯುಂಟು. ತಮಿಳರು ಅದನ್ನು 'ಕಡಲ ಹಸು' ಎಂದೇ ಕರೆಯುತ್ತಾರೆ. ಡ್ಯೂಗಾಂಗ್ ಎಂಬುದು ಅದರ ಇನ್ನೊಂದು ಹೆಸರು.

ಈ ಹುಲ್ಲನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಬೆಳೆಸಬಹುದೆ? ಬೆಳೆಸಬಹುದು, ಬೆಳೆಸುತ್ತಿದ್ದಾರೆ. ಆದರೆ ಗಾಜಿನಲ್ಲಿ ಮೀನು ಬದುಕಿತು, ಹವಳ ಬದುಕಿತು, ಹುಲ್ಲು ಮಾತ್ರ ಬಹಳ ತಡವಾಗಿ ಬದುಕಿತು. ಏಕೆಂಬುದರಲ್ಲೇ ಸ್ವಾರಸ್ಯವಿದೆ.

ಕಡಲ ಜೀವಿಯನ್ನು ಗಾಜಿನಲ್ಲಿಟ್ಟು ಅಧ್ಯಯನ ಮಾಡಿದವರಲ್ಲಿ ಮೊದಲಿಗಳು ಝಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಹೆಣ್ಣುಮಗಳು. ಬಟ್ಟೆ ಹೊಲಿಯುವ ಕಸುಬಿನಿಂದ ಬಂದವಳು. ಮದುವೆಯಾಗಿ ಸಿಸಿಲಿಯ ಮೆಸ್ಸೀನಾದಲ್ಲಿ ನೆಲೆಸಿ, 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ ಅರ್ಗೊನಾಟ್ ಎಂಬ ಚಿಪ್ಪಿನ ಜೀವಿ ತನ್ನ ಚಿಪ್ಪನ್ನು ತಾನೇ ಕಟ್ಟಿಕೊಳ್ಳುತ್ತದೆಯೆಂದು ಸಾಧಿಸಿ ತೋರಿಸಿದಳು. ಆದರೆ ಅವಳ ಮನೆಯ ಪಕ್ಕದಲ್ಲೇ ಸಮುದ್ರವಿತ್ತು. ಕಡಲಿನಿಂದ ದೂರದ ಊರಿನಲ್ಲಿ ಕಡಲನ್ನು ಇಟ್ಟುಕೊಳ್ಳುವುದು ಬೇರೆಯೇ ಸಮಸ್ಯೆ. ನಮ್ಮ ಓದುಗರಿಗೆ ಇದು ಬೇಗ ತಿಳಿದೀತು!

ಆ ಸಮಸ್ಯೆಗೆ ದಾರಿ ತೋರಿಸಿದ್ದು ಆಕಸ್ಮಿಕ. ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ 1829ರಲ್ಲಿ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಸೀಸೆಯಲ್ಲಿಟ್ಟು ಮುಚ್ಚಿದ್ದ. ಪತಂಗಕ್ಕಾಗಿ ಕಾದವನಿಗೆ ಆ ಮಣ್ಣಿನಲ್ಲಿ ತಾನಾಗಿ ಮೊಳೆತ ಒಂದು ಜರಿಗಿಡ, ಒಂದು ಎಳೆ ಹುಲ್ಲು ಕಂಡವು. ಹೊರಗೆ ಲಂಡನ್ನಿನ ಮಸಿಹೊಗೆಗೆ ಸಾಯುತ್ತಿದ್ದ ಗಿಡ ಒಳಗೆ ವರ್ಷಗಟ್ಟಲೆ ಬದುಕಿತು. ಮುಂದೆ 'ವಾರ್ಡನ ಪೆಟ್ಟಿಗೆ' ಹಡಗು ಹತ್ತಿ ಲೋಕ ಸುತ್ತಿತು. ನಾವು ಬೆಳಿಗ್ಗೆ ಕುಡಿಯುವ ಚಹಾಕ್ಕೂ ಅದಕ್ಕೂ ನಂಟುಂಟು. ರಾಬರ್ಟ್ ಫಾರ್ಚೂನ್ ಎಂಬವನು ಚೀನಾದ ಚಹಾ ಗಿಡಗಳನ್ನು ಹಿಮಾಲಯದ ತೋಟಗಳಿಗೆ ತಂದದ್ದು ಇವೇ ಪೆಟ್ಟಿಗೆಗಳಲ್ಲಿ. ಬೀಜವನ್ನು ಹಾಗೆಯೇ ಕಳಿಸಿದರೆ ದಾರಿಯಲ್ಲೇ ಸಾಯುತ್ತಿತ್ತು. ಕೊನೆಗೆ ಅವನು ಪೆಟ್ಟಿಗೆಯ ಮಣ್ಣಿನಲ್ಲೇ ಬೀಜ ಬಿತ್ತಿದ. 1851ರಲ್ಲಿ ಕಲಕತ್ತೆಯಲ್ಲಿ ತೆರೆದಾಗ ಸಸಿಗಳು ಮೊಳೆತು ನಿಂತಿದ್ದವು. ಮಣ್ಣಿನ ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

ಇನ್ನು ಆನಾ ಥಿನ್ ಎಂಬಾಕೆಯ ಕತೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಹಿರಿಯ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋದವಳು ಹವಳದ ಜೀವಿಗಳನ್ನು ಕಂಡು ಮನಸೋತಳು. ಅವನ್ನು ದಾರಿಯಲ್ಲಿ ಉರುಳದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಕಲ್ಲಿನ ಜಾಡಿಯಲ್ಲಿ ಕಡಲ ನೀರು ತುಂಬಿಸಿ ಲಂಡನ್ನಿಗೆ ತಂದಳು. ನೀರು ಹಳಸಿದಾಗ ಮತ್ತೆ ಕಡಲಿನಿಂದ ತರಿಸಬೇಕು. ಅದು ದುಬಾರಿ. ಆಕೆ ಕಂಡುಕೊಂಡ ಉಪಾಯವನ್ನು ನಮ್ಮ ಹೋಟೆಲಿನ ಕಾಫಿ ಮಾಣಿ ಕೇಳಿದ್ದರೆ ನಕ್ಕುಬಿಡುತ್ತಿದ್ದ: ತೆರೆದ ಕಿಟಕಿಯ ಮುಂದೆ ನಿಂತು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಹೊಯ್ಯುವುದು. ದಿನಕ್ಕೆ ಅರ್ಧ ಮುಕ್ಕಾಲು ಗಂಟೆ. ಹೊಯ್ದದ್ದು ಆಕೆಯಲ್ಲ, ಮನೆಗೆಲಸದ ಹುಡುಗಿ. ಗಾಳಿ ಬೆರೆತ ನೀರಿನಲ್ಲಿ ಹವಳಗಳು ಬದುಕಿದವು. ಮರುವರ್ಷ, ಅಂದರೆ 1847ರಲ್ಲಿ, ಆಕೆ ಕಡಲಿನಿಂದ ಪಾಚಿಯನ್ನು ತರಿಸಿ ನೀರಿಗೆ ಹಾಕಿದಳು. ಹುಡುಗಿಯ ತೋಳಿನ ಕೆಲಸವನ್ನು ಸಸ್ಯ ವಹಿಸಿಕೊಂಡಿತು. ಕಡಲಿನಿಂದ ದೂರ, ಸಸ್ಯ ಮತ್ತು ಪ್ರಾಣಿ ಒಂದನ್ನೊಂದು ಬದುಕಿಸಿಕೊಂಡ ಉಪ್ಪುನೀರಿನ ತೊಟ್ಟಿ ಎಂದರೆ ಮೊದಲು ಹೇಳಬೇಕಾದದ್ದು ಇದನ್ನೇ. ಆಕೆ ಇದನ್ನೆಲ್ಲ ಅಚ್ಚು ಮಾಡಿಸಿದ್ದು 1859ರಲ್ಲಿ. ಅಷ್ಟರಲ್ಲಿ ಕೀರ್ತಿ ಗಂಡಸರ ಪಾಲಾಗಿತ್ತು.

ಆ ಗಂಡಸರಲ್ಲಿ ಒಬ್ಬ ರಾಬರ್ಟ್ ವಾರಿಂಗ್‌ಟನ್, ರಸಾಯನಶಾಸ್ತ್ರಜ್ಞ. 1849ರಲ್ಲಿ ಹನ್ನೆರಡು ಗ್ಯಾಲನ್ ಸಿಹಿನೀರಿನ ತೊಟ್ಟಿಯಲ್ಲಿ ಎರಡು ಚಿನ್ನದ ಮೀನು ಬಿಟ್ಟು, ತಳದ ಮರಳು ಮಣ್ಣಿನಲ್ಲಿ ವ್ಯಾಲಿಸ್ನೇರಿಯಾ ಎಂಬ ಜಲಸಸ್ಯ ನೆಟ್ಟ. ಪಟ್ಟಿಯಂಥ ಎಲೆಯ ಈ ಗಿಡದ ಜಾತಿ ನಮ್ಮ ದೇಶದ ಕೆರೆ ಕಾಲುವೆಗಳಲ್ಲೂ ಉಂಟು. ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡನ್ನು ಗಿಡ ಹೀರಿ ಆಮ್ಲಜನಕ ಕೊಡುತ್ತದೆಂಬುದು ಲೆಕ್ಕಾಚಾರ. ಲೆಕ್ಕ ಸರಿಯಿತ್ತು, ಆದರೆ ಹಳೆಯ ಎಲೆ ಕೊಳೆತು ನೀರು ಕದಡಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಯನ್ನು ಮೀನು ತಿಂದಿತು, ನೀರು ತಿಳಿಯಾಯಿತು. ಮುಂದೆ ಅವನು ಉಪ್ಪುನೀರಿಗೆ ಕೈ ಹಾಕಿದಾಗ ಬೇರುಳ್ಳ ಗಿಡವನ್ನು ಬಿಟ್ಟು ಹಸಿರು ಪಾಚಿಯನ್ನು ಹಿಡಿದ. ವಿಚಿತ್ರವೆಂದರೆ ಅವನ ಸಿಹಿನೀರಿನ ವ್ಯಾಲಿಸ್ನೇರಿಯಾ ಕಡಲ ಹುಲ್ಲುಗಳ ಹತ್ತಿರದ ಸಂಬಂಧಿ. ಮನ್ನಾರ್ ಕೊಲ್ಲಿಯ ಎನ್ಹಾಲಸ್ ಎಂಬ ಕಡಲ ಹುಲ್ಲೂ ಅದೂ ಒಂದೇ ಕುಟುಂಬದವು. ಎರಡರಲ್ಲೂ ಗಂಡು ಹೂಗಳು ಕಳಚಿಕೊಂಡು ನೀರಿನ ಮೇಲೆ ತೇಲುತ್ತ ಹೋಗಿ ಹೆಣ್ಣು ಹೂವನ್ನು ಸೇರುತ್ತವೆ. ಸಿಹಿನೀರಿನ ದಾಯಾದಿ ಗಾಜಿನೊಳಗೆ ಹಾಯಾಗಿತ್ತು. ಉಪ್ಪುನೀರಿನದು ಹೊರಗೇ ಉಳಿಯಿತು.

1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿತ್ತು. ಗಾಜು ಅಗ್ಗವಾಯಿತು. ರೈಲು ಕಡಲತೀರಕ್ಕೆ ಹೋಗುತ್ತಿತ್ತು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನುಗಳ ಗಾಜಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಎಂಬ ಪುಸ್ತಕ ಬರೆದ. ಇಂದು ನಾವೆಲ್ಲ ಬಳಸುವ ಆ ಶಬ್ದವನ್ನು ಮನೆಮಾತು ಮಾಡಿದವನು ಅವನೇ. ಲವಣಗಳನ್ನು ಬೆರೆಸಿ ಕಡಲ ನೀರನ್ನು ಮನೆಯಲ್ಲೇ ತಯಾರಿಸುವ ಲೆಕ್ಕವನ್ನೂ ಕೊಟ್ಟ. ಪಾಚಿಯನ್ನು ಕೀಳಬೇಡಿ, ಅದು ಅಂಟಿಕೊಂಡ ಬಂಡೆಯ ಚೂರನ್ನೇ ಉಳಿಯಿಂದ ಕೆತ್ತಿ ತನ್ನಿ ಎಂಬುದು ಅವನ ಬುದ್ಧಿವಾದ. ಜನ ಸುತ್ತಿಗೆ, ಉಳಿ, ಬುಟ್ಟಿ ಹಿಡಿದು ತೀರಕ್ಕೆ ನುಗ್ಗಿದರು. ಪಾದ್ರಿಗಳು, ಅಧ್ಯಾಪಕರು, ಮಕ್ಕಳೊಂದಿಗರು, ಎಲ್ಲರೂ ಭಕ್ತಿಯಿಂದಲೇ ಹೋದರು. ಕೆಲವೇ ವರ್ಷಗಳಲ್ಲಿ ಬಂಡೆಗಳ ಬಿಲಗಳು ಬರಿದಾದವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ತಂದೆಯ ಬಗ್ಗೆ ಬರೆದ ಪುಸ್ತಕದಲ್ಲಿ ಆ ತೀರಗಳು ಲೂಟಿಯಾದದ್ದನ್ನೂ, ತಂದೆ ಅದಕ್ಕೆ ಪಟ್ಟ ಸಂಕಟವನ್ನೂ ಹೇಳಿದ್ದಾನೆ. ಒಳ್ಳೆಯ ಮನಸ್ಸಿನಿಂದ ಬರೆದ ಪುಸ್ತಕ ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ನನಗೆ ಬೇರೆ ಉದಾಹರಣೆ ಬೇಕಿಲ್ಲ.

ಬಂಡೆಯ ಚೂರಿನ ಉಪಾಯ ಪಾಚಿಗೆ ಸರಿ. ಪಾಚಿಗೆ ಬಂಡೆ ಬರಿಯ ಹಿಡಿಕೆ. ಅದು ಉಣ್ಣುವುದು ಮೈಯೆಲ್ಲದರಿಂದ, ಸುತ್ತಲ ನೀರಿನಿಂದ. ಹುಲ್ಲಿನ ಮಾತು ಹಾಗಲ್ಲ. ಅದರ ಅರ್ಧ ಬದುಕು ಮಣ್ಣಿನಡಿಯಲ್ಲಿ. ಆ ಮಣ್ಣಾದರೂ ಎಂಥದು? ಉತ್ತರ ಕನ್ನಡದ ಗಜನಿ ಗದ್ದೆಗೆ ಕಾಲಿಟ್ಟವರಿಗೆ ಗೊತ್ತು, ಮೇಲೆ ಬೂದು, ಒಳಗೆ ಕಪ್ಪು, ಕಲಕಿದರೆ ಕೊಳೆತ ಮೊಟ್ಟೆಯ ನಾತ. ಅಲ್ಲಿ ಆಮ್ಲಜನಕವಿಲ್ಲ, ಗಂಧಕದ ವಿಷವಿದೆ. ಕಡಲ ಹುಲ್ಲು ಎಲೆಯಿಂದ ಬೇರಿನವರೆಗೆ ಗಾಳಿಯ ಕೊಳವೆಗಳನ್ನು ಇಟ್ಟುಕೊಂಡಿದೆ. ಹಗಲು ಬಿಸಿಲಿನಲ್ಲಿ ಎಲೆ ತಯಾರಿಸಿದ ಆಮ್ಲಜನಕ ಬೇರಿಗಿಳಿದು ಸುತ್ತಲ ಮಣ್ಣಿಗೂ ಸ್ವಲ್ಪ ಸೋರಿ ವಿಷವನ್ನು ದೂರವಿಡುತ್ತದೆ. ಬೆಳಕು ಕಡಿಮೆಯಾದರೆ ಎಲೆ ಬಾಡುವುದಕ್ಕಿಂತ ಮೊದಲು ಬೇರು ಉಸಿರುಕಟ್ಟುತ್ತದೆ. ಕಿತ್ತು ತೊಳೆದು ಶುಭ್ರವಾದ ಮರಳಿನಲ್ಲಿ ನೆಟ್ಟರೆ ಹಸಿವಿನಿಂದ ಸಾಯುತ್ತದೆ.

ನಮ್ಮಮ್ಮ 1960ರ ದಶಕದಲ್ಲಿ ಕುಮಟೆಯಿಂದ ಮುಂಬಯಿಗೆ ಬರುವಾಗ ಮಲ್ಲಿಗೆ ಬಳ್ಳಿಯೊಂದನ್ನು ಬುಡದ ಮಣ್ಣು ಸಮೇತ ಅಡಿಕೆ ಹಾಳೆಯಲ್ಲಿ ಕಟ್ಟಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. "ಮುಂಬಯಿಯಲ್ಲಿ ಮಣ್ಣಿಗೇನು ಬರಗಾಲವೆ?" ಎಂದು ಅಪ್ಪ ಗೇಲಿ ಮಾಡಿದ್ದರು. ಚಾಳಿನ ಸಜ್ಜದ ಮೇಲೆ ಡಾಲ್ಡಾ ಡಬ್ಬಿಯಲ್ಲಿ ಅದು ಹನ್ನೊಂದು ವರ್ಷ ಹೂಬಿಟ್ಟಿತು. ಗಾಸ್ ಮಹಾಶಯನಿಗೆ ಗೊತ್ತಿಲ್ಲದ್ದು ಅಮ್ಮನಿಗೆ ಗೊತ್ತಿತ್ತು ಎಂದು ನಾನು ಹೇಳಲಾರೆ. ಆದರೆ ಕಡಲ ತೊಟ್ಟಿಯವರು ಈ ಮಾತಿಗೆ ಬಂದು ಮುಟ್ಟಲು ನೂರು ವರ್ಷ ಹಿಡಿಯಿತು.

ನಡುವೆ ಯಂತ್ರ ಬಂತು. ವಿಲಿಯಂ ಆಲ್ಫರ್ಡ್ ಲಾಯ್ಡ್ ಎಂಬವನು ಲಂಡನ್ನಿನಲ್ಲಿ ತೊಟ್ಟಿ, ಮೀನು, ಕಡಲ ನೀರು ಮಾರುವ ಅಂಗಡಿ ಇಟ್ಟಿದ್ದವನು. 1864ರಲ್ಲಿ ಹಾಂಬರ್ಗಿನಲ್ಲಿ, ಬಳಿಕ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ದೊಡ್ಡ ಅಕ್ವೇರಿಯಂ ಕಟ್ಟಿದ. ನೆಲದಡಿಯ ಕತ್ತಲ ತೊಟ್ಟಿಯಲ್ಲಿ ನೀರು ಸಂಗ್ರಹಿಸಿ ಪಂಪಿನಿಂದ ಸದಾ ಓಡಾಡಿಸಿದರೆ ಗಾಳಿ ತಾನಾಗಿ ಬೆರೆಯುತ್ತದೆ, ಸಸ್ಯದ ಹಂಗಿಲ್ಲ ಎಂದು ತೋರಿಸಿದ. ಸಸ್ಯ ತೊಟ್ಟಿಯಿಂದ ಹೊರಬಿತ್ತು. 1951ರಲ್ಲಿ ನಮ್ಮ ಮರೀನ್ ಡ್ರೈವಿನಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ತೆರೆಯಿತು. ಬೇಸಿಗೆ ರಜೆಯಲ್ಲಿ ಊರಿನಿಂದ ನೆಂಟರು ಬಂದರೆ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಚಾಳಿನ ಮಕ್ಕಳಾದ ನಮ್ಮ ಕೆಲಸವಾಗಿತ್ತು. ಕತ್ತಲ ಓಣಿಯಲ್ಲಿ ಹೊಳೆಯುವ ಗಾಜುಗಳು, ಆಮೆ, ಬಣ್ಣಬಣ್ಣದ ಮೀನು, ಗುಳುಗುಳು ಗಾಳಿಗುಳ್ಳೆ. ಹುಲ್ಲು ಕಂಡ ನೆನಪಿಲ್ಲ.

ಇತ್ತ ತೊಟ್ಟಿಯಿಂದ ಹೊರಗೆ, ನಿಜವಾದ ಕಡಲಿನಲ್ಲಿ, ಹುಲ್ಲಿಗೆ ದೊಡ್ಡ ಆಪತ್ತು ಬಂದು ಹೋಗಿತ್ತು. ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಜೋಸ್ಟೆರಾ ಎಂಬ ಹುಲ್ಲು ಹೇರಳವಾಗಿತ್ತು. ಅದನ್ನು ಒಣಗಿಸಿ ಹಾಸಿಗೆಗೆ ತುಂಬುತ್ತಿದ್ದರು; ಅಮೆರಿಕದಲ್ಲಿ ಚಳಿ ತಡೆಯಲು ಮನೆಯ ಗೋಡೆಗಳೊಳಗೆ ಇಡುತ್ತಿದ್ದರು; ಡೆನ್ಮಾರ್ಕಿನ ಲೇಸೋ ದ್ವೀಪದಲ್ಲಿ ಮಾಡಿಗೇ ಹೊದಿಸುತ್ತಿದ್ದರು, ನಮ್ಮ ಕಡೆ ಮುಳಿಹುಲ್ಲು ಹೊದಿಸುವ ಹಾಗೆ. 1931ರ ಸುಮಾರಿಗೆ ಎಲೆಗಳ ಮೇಲೆ ಕಪ್ಪು ಮಚ್ಚೆ ಕಂಡವು. ಎರಡು ಮೂರು ವರ್ಷಗಳಲ್ಲಿ ಹುಲ್ಲಿನ ಬಹುಪಾಲು, ನೂರಕ್ಕೆ ತೊಂಬತ್ತರಷ್ಟು, ನಾಶವಾಯಿತು. ಅದನ್ನು ಮೇಯುತ್ತಿದ್ದ ಕಪ್ಪು ಬಾತುಗಳ ಸಂಖ್ಯೆ ಕುಸಿಯಿತು. ಎಲೆಗೆ ಅಂಟಿಕೊಂಡು ಬದುಕುತ್ತಿದ್ದ ಒಂದು ಸಣ್ಣ ಚಿಪ್ಪುಜೀವಿ ಹುಲ್ಲಿನೊಡನೆಯೇ ಭೂಮಿಯಿಂದ ಅಳಿದುಹೋಯಿತು. ಕೊನೆಯ ಬಾರಿ ಅದು ಸಿಕ್ಕಿದ್ದು 1929ರಲ್ಲಿ. ಉಪ್ಪು ಕಡಿಮೆಯಿದ್ದ ಅಳಿವೆಗಳಲ್ಲಿ ಹುಲ್ಲು ಅಷ್ಟಿಷ್ಟು ಉಳಿಯಿತು, ಆ ನೀರು ಚಿಪ್ಪುಜೀವಿಗೆ ಒಗ್ಗಲಿಲ್ಲ. ಅದು ಅಳಿದಿದೆಯೆಂದು ವಿಜ್ಞಾನಿಗಳು ಗುರುತಿಸಿದ್ದು 1991ರಲ್ಲಿ! ರೋಗದ ಮೂಲವೂ ಅಷ್ಟೇ ತಡವಾಗಿ, 1980ರ ದಶಕದ ಕೊನೆಗೆ, ಖಚಿತವಾಯಿತು. ಲ್ಯಾಬಿರಿಂಥುಲಾ ಎಂಬ ಸೂಕ್ಷ್ಮಜೀವಿಯನ್ನು ಪ್ರಯೋಗಶಾಲೆಯಲ್ಲಿ ಆರೋಗ್ಯವಂತ ಹುಲ್ಲಿಗೆ ಸೋಂಕಿಸಿ ಅದೇ ಕಪ್ಪು ಮಚ್ಚೆ ಎದ್ದದ್ದನ್ನು ಕಂಡರು. ಹುಲ್ಲನ್ನು ಗಾಜಿನಲ್ಲಿ ಬದುಕಿಸಲು ಬಾರದಿದ್ದರೆ ಈ ಪರೀಕ್ಷೆ ನಡೆಯುತ್ತಲೇ ಇರಲಿಲ್ಲ.

ಬದುಕಿಸುವುದನ್ನು ಕಲಿಸಿದವರು ಹಲವರು. ಜಕಾರ್ತಾದ ಲೀ ಚಿನ್ ಎಂಗ್ ಎಂಬ ಹವ್ಯಾಸಿ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ, ಶೋಧಕ ಯಂತ್ರಗಳನ್ನು ಬದಿಗಿಡಿ, ಕಡಲಿನ ಜೀವಂತ ಕಲ್ಲನ್ನೇ ತೊಟ್ಟಿಯಲ್ಲಿಡಿ ಎಂದ. ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ 1980ರಲ್ಲಿ ಪಾಚಿಯಿಂದಲೇ ನೀರು ಶುದ್ಧವಾಗುವ ಹವಳದ ತೊಟ್ಟಿಯನ್ನು ಜನರಿಗೆ ತೋರಿಸಿ, ಹೊರದಬ್ಬಿದ್ದ ಸಸ್ಯವನ್ನು ಒಳಗೆ ಕರೆತಂದ. ಮೊನಾಕೊದ ಝಾನ್ ಝೋಬೇರ್ ತೊಟ್ಟಿಯ ತಳದ ಮರಳೇ ಒಂದು ಜೀವಂತ ಯಂತ್ರವೆಂದು ತೋರಿಸಿದ. ಅಲ್ಲಿಯವರೆಗೆ ಮರಳನ್ನು ತೊಳೆಯುವುದೇ ಶುಚಿತ್ವವೆಂದು ನಂಬಿದ್ದ ಹವ್ಯಾಸಿಗಳು, 1990ರ ದಶಕದಲ್ಲಿ ಆಳವಾಗಿ ಮರಳು ಹಾಸಿ ಅದನ್ನು ಕದಡದೆ ಬಿಡತೊಡಗಿದರು. ಹುಲ್ಲಿಗೆ ಬೇಕಾಗಿದ್ದುದೂ ಅದೇ.

ಈಗ ಅಮೆರಿಕ, ಯೂರೋಪುಗಳಲ್ಲಿ ಮನೆಯ ತೊಟ್ಟಿಯಲ್ಲಿ ಥಲಾಸಿಯಾ, ಹ್ಯಾಲೊಫಿಲಾ ಮುಂತಾದ ಕಡಲ ಹುಲ್ಲು ಬೆಳೆಸುವವರಿದ್ದಾರೆ. ಗೇಣುದ್ದದಷ್ಟು ನಯವಾದ ಮರಳು ಹಾಕಿ, ಅಡಿಯಲ್ಲಿ ಒಂದಿಷ್ಟು ಕಡಲ ಕೆಸರು ಸೇರಿಸುತ್ತಾರೆ. ತೊಟ್ಟಿ ಹಳೆಯದಾದಷ್ಟೂ ಒಳ್ಳೆಯದು. ಹೊಸ ಮರಳಿನಲ್ಲಿ ಬೇರಿಗೆ ಉಣ್ಣಲು ಏನೂ ಇರುವುದಿಲ್ಲ. ನೆಡುವ ತುಂಡಿನಲ್ಲಿ ನೆಲದಡಿಯ ಕಾಂಡದ ಬೆಳೆಯುವ ತುದಿ ಇರಲೇಬೇಕು, ಇಲ್ಲವಾದರೆ ಗಿಡ ಹಬ್ಬದು. ನೆಟ್ಟೊಡನೆ ಹಳೆಯ ಎಲೆಗಳೆಲ್ಲ ಕಂದಿ ಉದುರುತ್ತವೆ. ಆಗ ಕಿತ್ತೆಸೆದವರು ಕೆಟ್ಟರು. ಮಣ್ಣಿನಡಿಯಲ್ಲಿ ಕೆಲಸ ನಡೆಯುತ್ತಿರುತ್ತದೆ, ತಿಂಗಳುಗಟ್ಟಲೆ ಏನೂ ಕಾಣುವುದಿಲ್ಲ. ದೀಪ ಪ್ರಖರವಾಗಿರಬೇಕು. ಕಡಲಿನಲ್ಲೇ ಈ ಹುಲ್ಲು ಇಳಿಯುವ ಆಳ ಬೆಳಕನ್ನು ಅವಲಂಬಿಸಿದೆ, ಮೇಲ್ಮೈಯ ಬೆಳಕಿನ ಸರಾಸರಿ ಶೇಕಡಾ 11ರಷ್ಟು ಮುಟ್ಟುವವರೆಗೆ ಮಾತ್ರ ಅದು ಬಾಳುತ್ತದೆ. ಇನ್ನು ದೀಪ ಹೆಚ್ಚಿದರೆ ಎಲೆಯ ಮೇಲೆ ಪಾಚಿ ಕಟ್ಟಿ ಬೆಳಕನ್ನು ಮುಚ್ಚುತ್ತದೆ. ಅದಕ್ಕೆ ಮದ್ದು? ಎಲೆಯನ್ನು ಸವರಿ ತಿನ್ನುವ ಬಸವನಹುಳು. ವಾರಿಂಗ್‌ಟನ್ 1849ರಲ್ಲಿ ಬಿಟ್ಟದ್ದರ ಉಪ್ಪುನೀರಿನ ನೆಂಟ.

ತೊಟ್ಟಿಯ ವಿದ್ಯೆ ಕಡಲಿಗೆ ಮರಳಿ ಸಂದದ್ದೂ ಉಂಟು. ಅಮೆರಿಕದ ವರ್ಜೀನಿಯಾದ ಕರಾವಳಿಯ ಕೊಲ್ಲಿಗಳಲ್ಲಿ ಜೋಸ್ಟೆರಾ ಆ ರೋಗದಿಂದಲೂ 1933ರ ಚಂಡಮಾರುತದಿಂದಲೂ ಪೂರ್ತಿ ಅಳಿದು, ಅರುವತ್ತು ವರ್ಷಗಳಿಗೂ ಮೀರಿ ತಳ ಬೋಳಾಗಿತ್ತು. ರಾಬರ್ಟ್ ಆರ್ತ್ ಮತ್ತು ಸಂಗಡಿಗರು ಬೇರೆಡೆಯ ಹುಲ್ಲಿನಿಂದ ಬೀಜದ ತೆನೆಗಳನ್ನಷ್ಟೇ ಕೊಯ್ದು, ದಡದಲ್ಲಿ ಕಡಲ ನೀರು ಹರಿಯುವ ತೊಟ್ಟಿಗಳಲ್ಲಿಟ್ಟು, ಬೀಜ ಉದುರಿದ ಮೇಲೆ ಜೋಪಾನ ಮಾಡಿ ಶರತ್ಕಾಲದಲ್ಲಿ ದೋಣಿಯಿಂದ ಬಿತ್ತಿದರು, ಗದ್ದೆಗೆ ಭತ್ತ ಎರಚಿದ ಹಾಗೆ. 1999ರಿಂದ ಎರಡು ದಶಕಗಳಲ್ಲಿ ಏಳು ಕೋಟಿಗೂ ಹೆಚ್ಚು ಬೀಜ. 2020ರ ಹೊತ್ತಿಗೆ 3,600 ಹೆಕ್ಟೇರಿನಷ್ಟು ಹುಲ್ಲು ತಾನೇ ಹಬ್ಬಿ ನಿಂತಿತ್ತು. ಬುಡ ಕಿತ್ತವರು ಯಾರೂ ಇಲ್ಲ.

ಪಾಕ್ ಕೊಲ್ಲಿಯಲ್ಲೂ ಬೋಳಾದ ಕಡೆ ಹುಲ್ಲನ್ನು ಮತ್ತೆ ನೆಡುತ್ತಿದ್ದಾರೆ, ಬಿದಿರಿನ ಚೌಕಟ್ಟಿಗೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿ. 2022ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರಕಾರ ಅಲ್ಲಿ 448 ಚದರ ಕಿಲೋಮೀಟರ್ ಕಡಲನ್ನು ಕಡಲ ಹಸುವಿಗಾಗಿ ಕಾಯ್ದಿರಿಸಿತು. ಕರಾವಳಿಯ ನಿಯಂತ್ರಣ ನಿಯಮಗಳಲ್ಲೂ ಕಡಲ ಹುಲ್ಲಿನ ನೆಲೆಗಳು ಸೂಕ್ಷ್ಮ ಪ್ರದೇಶಗಳ ಪಟ್ಟಿಯಲ್ಲಿವೆ. ಹೀಗಿರುವಾಗ ಯಾತ್ರೆಗೆ ಹೋದ ಮುದುಕನೊಬ್ಬ ಪಂಚೆ ಎತ್ತಿ ಕಟ್ಟಿಕೊಂಡು ನೀರಿಗಿಳಿದು ಒಂದು ಹಿಡಿ ಕಿತ್ತು ತರುವುದು ಹೇಗೆ? ತಂದರೂ ಮುಂಬಯಿ ಮುಟ್ಟುವಷ್ಟರಲ್ಲಿ ಬಾಟಲಿಯಲ್ಲಿ ಕೊಳೆತಿರುತ್ತಿತ್ತು.

ಇಷ್ಟು ಹೇಳಿದ ಮೇಲೆ ಹುಡುಗ ಬಹಳ ಹೊತ್ತು ಸುಮ್ಮನಿದ್ದ. "ಹಾಗಾದರೆ ಅದರ ದಾಯಾದಿಯನ್ನು ತರೋಣ" ಎಂದ ಕೊನೆಗೆ. ಮುಂದಿನ ಭಾನುವಾರ ಇಬ್ಬರೂ ಕುರ್ಲಾದ ಮೀನಿನ ಅಂಗಡಿಗಳ ಸಾಲಿಗೆ ಹೋಗಿ ವ್ಯಾಲಿಸ್ನೇರಿಯಾದ ಆರು ಸಸಿ ಕೊಂಡೆವು. ಉಪ್ಪುನೀರಿನ ತೊಟ್ಟಿಯ ಪಕ್ಕದಲ್ಲೇ ಒಂದು ಸಿಹಿನೀರಿನ ತೊಟ್ಟಿ ಇಟ್ಟಿದ್ದಾನೆ. ತಳಕ್ಕೆ ಮರಳಿನ ಜತೆ ಒಂದಿಷ್ಟು ಮಣ್ಣು ಬೇಕೆಂದು ಹಟ ಹಿಡಿದು, ತನ್ನಜ್ಜಿಯ ತುಳಸಿ ಕುಂಡದಿಂದಲೇ ತೋಡಿಕೊಂಡದ್ದಕ್ಕೆ ಬೈಗುಳವನ್ನೂ ತಿಂದ. ಮೊದಲ ಮೂರು ವಾರ ಎಲೆಗಳೆಲ್ಲ ಕರಗಿದವು, ಅವನು ಮುಟ್ಟಲಿಲ್ಲ. ಕಳೆದ ಗುರುವಾರ ಫೋನು ಮಾಡಿ, ಹಂಬಿನ ತುದಿಯಲ್ಲಿ ಮೂರು ಮರಿಗಿಡ ಎದ್ದಿವೆಯೆಂದು ಹೇಳಿದ. ಅಂಗಡಿಯವನು ಪುಕ್ಕಟೆಯಾಗಿ ಕೊಟ್ಟ ಬಸವನಹುಳು ಎರಡಿದ್ದವು. ಈಗ ಅವನಿಗೆ ಎಣಿಸಲು ಬರುತ್ತಿಲ್ಲವಂತೆ.